ಛರ್ರೆಗೆ ಔಡಲ ಎಣ್ಣೆ

ಆ ಭಾನುವಾರ ನನ್ನ ಮೊಮ್ಮಗಳ ಗುರಿ ಕೆಡಿಸಿದವಳು ನಾನು. ಛರ್ರೆ ಅಗ್ಗದ್ದು, ಅದಕ್ಕೇ ಹಾಗಾಯಿತು ಎಂದು ಬೀದರದಲ್ಲಿ ಈಗಲೂ ಹೇಳುವವರಿದ್ದಾರೆ. ಸುಳ್ಳು. ಛರ್ರೆ ನೆಟ್ಟಗೇ ಇತ್ತು. ಅದಕ್ಕೆ ಎಣ್ಣೆ ಹಚ್ಚಿದ ಕೈ ನನ್ನದು.

ಛರ್ರೆ ಎಂದರೆ ಗಾಳಿ ರೈಫಲ್ಲಿಗೆ ಹಾಕುವ ಸೀಸದ ಗುಂಡು. ತೊಗರಿ ಕಾಳಿನಷ್ಟಿರುತ್ತದೆ. ನಡುವೆ ಸೊಂಟ, ಹಿಂದೆ ಲಂಗದ ಹಾಗೆ ಅಗಲ, ಒಳಗೆ ಪೊಳ್ಳು. ಮದ್ದುಗಿದ್ದು ಏನೂ ಇಲ್ಲ, ಗಾಳಿ ಒದ್ದು ತಳ್ಳುತ್ತದೆ. ಹತ್ತು ಮೀಟರ್ ದೂರದಲ್ಲಿ ಒಂದು ಕಾಗದದ ಕಾರ್ಡು, ಅದರ ನಡುವೆ ಕರಿ ಬೊಟ್ಟು. ಅದಕ್ಕೆ ಹೊಡೆಯಬೇಕು. ಆಟ ಇಷ್ಟೇ. ಇದಕ್ಕೆ ಇಷ್ಟು ಜನ ಯಾಕೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ ಎಂದು ಮೊದಲು ನನಗೂ ಅನಿಸಿತ್ತು. ಹುಡುಗಿ ನಿಂತದ್ದನ್ನು ಒಮ್ಮೆ ನೋಡಿದ ಮೇಲೆ ಅನಿಸಲಿಲ್ಲ.

ಮೊಮ್ಮಗಳು ನನ್ನ ಮಗಳ ಮಗಳು. ನಾವು ಮೂವರೂ ಔರಾದದಲ್ಲಿರುತ್ತೇವೆ. ಅವಳು ಅಲ್ಲೇ ಕಾಲೇಜಿಗೆ ಹೋಗುತ್ತಾಳೆ, ಶನಿವಾರ ಭಾನುವಾರ ಬಸ್ಸು ಹತ್ತಿ ಬೀದರಕ್ಕೆ ಹೋಗಿ ಗುರಿ ಕಲಿಯುತ್ತಾಳೆ. ಕಲಿಸುವ ಸರ್ ಒಬ್ಬರು ಹಳೆಯ ಗೋದಾಮೊಂದನ್ನು ಹಿಡಿದು ಅದರಲ್ಲಿ ಆಟದ ಜಾಗ ಮಾಡಿದ್ದಾರೆ. ಸ್ವಂತ ರೈಫಲ್ ಇಲ್ಲದ ಮಕ್ಕಳಿಗೆಂದು ಅಲ್ಲಿ ನಾಲ್ಕು ರೈಫಲ್ ಇವೆ. ರೈಫಲ್ ಅವರದು, ಛರ್ರೆ ನಮ್ಮದು. ಅದು ಅಲ್ಲಿಯ ಕಾಯಿದೆ.

ಸರ್ ಹೇಳಿದ್ದು ಪರದೇಶದ ಡಬ್ಬಿ. ಆ ಒಂದು ಡಬ್ಬಿಯ ದುಡ್ಡಿಗೆ ನಮ್ಮ ದೇಶದ್ದು ನಾಲ್ಕು ಬರುತ್ತವೆ. ಎರಡು ವಾರಕ್ಕೆ ಒಂದು ಡಬ್ಬಿ ಖಾಲಿ. ನಾನು ಬೀದರಕ್ಕೆ ಹೋಗಿ ಕೇಳಿದೆ, ಕಲಿಯುವುದಕ್ಕಾದರೂ ಅಗ್ಗದ್ದು ನಡೆಯುವುದಿಲ್ಲವೇ ಎಂದು.

"ಅಗ್ಗದ್ದು ಹೊಡದ್ರ ಗುರಿನೂ ಅಗ್ಗದ್ದೇ ಬರ್ತದ ಆಯಿ," ಎಂದರು ಸರ್.

ಆ ಮಾತು ನನಗೆ ಸೇರಲಿಲ್ಲ. ನಾನು ಇಪ್ಪತ್ತೆರಡು ವರ್ಷ ಭಾಲ್ಕಿಯ ಬೇಳೆ ಮಿಲ್ಲಿನಲ್ಲಿ ನೆಲಕ್ಕೆ ಕೂತು ಕಾಳು ಆರಿಸಿದವಳು. ಚೀಲದ ಮೇಲೆ ಬರೆದ ರೇಟು ಬೇರೆ, ಚೀಲದೊಳಗಿನ ಕಾಳು ಬೇರೆ. ಇದು ನನಗೆ ಯಾರೂ ಕಲಿಸಬೇಕಾಗಿಲ್ಲ.

ಮರುವಾರ ಭಾಲ್ಕಿಗೆ ಹೋದೆ. ಔಷಧ ಹೊಡೆಯುವ ಪಂಪು, ಹಗ್ಗ, ತಾಡಪತ್ರಿ ಮಾರುವ ಒಂದು ಅಂಗಡಿ ಇದೆ. ಹೊಲಕ್ಕೆ ಬರುವ ಮಂಗಗಳನ್ನು ಹೆದರಿಸಲು ರೈತರು ಗಾಳಿ ಬಂದೂಕು ಒಯ್ಯುವುದೂ ಅಲ್ಲಿಂದಲೇ. ಅಂಗಡಿಯವ ನನ್ನನ್ನು ಮಿಲ್ಲಿನ ಕಾಲದಿಂದ ಬಲ್ಲ.

"ಏನ್ ಆಯಿ, ಹೊಲಕ್ಕ ಮಂಗ್ಯಾ ಬಂದಾವೇನ್ರಿ?"

"ಮಂಗ್ಯಾ ಇಲ್ಲ. ಮೊಮ್ಮಗಳು ಗುರಿ ಹೊಡಿತಾಳ, ಆಟದ್ದು. ಛರ್ರಿ ತೋರಸ್ರಿ."

"ಹಂಗಿದ್ರ ಈ ಚೂಪಂದು ಒಯ್ಯಿರಿ. ಭಾಳ ಜೋರ್ ಹೋಗ್ತದ."

"ಆಕಿ ಕಾಗದ ಹೊಡಿಬೇಕು, ಕಲ್ಲು ಒಡಿಬೇಕಾಗಿಲ್ಲ. ಚಪ್ಪಟಿ ಮುಖದ್ದು ತೆಗೀರಿ."

ಚಪ್ಪಟೆ ಮುಖದ್ದು ಕಾಗದದಲ್ಲಿ ದುಂಡಗೆ, ಸ್ವಚ್ಛ ತೂತು ಕತ್ತರಿಸುತ್ತದೆ ಎಂದು ಹುಡುಗಿ ಹೇಳಿ ಕಳಿಸಿದ್ದಳು. ಅವನು ಮೂರು ಥರದ ಡಬ್ಬಿ ಇಟ್ಟ. ಮೂರನ್ನೂ ತೆರೆ ಎಂದೆ.

"ಡಬ್ಬಿ ತೆರಿ ಅಂತ ಯಾರೂ ಕೇಳಂಗಿಲ್ಲರಿ ಆಯಿ."

"ತೊಗರಿ ತಗೊಳ್ಳೋವಾಗ ಚೀಲಕ್ಕ ಕಬ್ಬಿಣದ ಕೊಳವಿ ಚುಚ್ಚಿ ಕಾಳು ನೋಡ್ತಾರಿಲ್ಲೋ? ಚೀಲ ಅಳ್ತದೇನು? ತೆರೀರಿ."

ತೆರೆದ. ಅವನ ಗಲ್ಲಾದ ಗಾಜಿನ ಮೇಲೆ ಒಂದೊಂದು ಹಿಡಿ ಸುರಿದು ಉರುಳಿಸಿ ನೋಡಿದೆ. ನೆಟ್ಟಗಿರುವ ಛರ್ರೆ ಒಂದೇ ಹದದಲ್ಲಿ ಬಾಗಿ ಉರುಳುತ್ತದೆ. ಲಂಗ ಸೊಟ್ಟಾದದ್ದು ಕುಂಟುತ್ತದೆ. ಮೊದಲ ಡಬ್ಬಿಯಲ್ಲಿ ಅರ್ಧ ಕುಂಟು. ಎರಡನೆಯದು ಹೊಳೆಯುತ್ತಿತ್ತು, ಆದರೆ ಎರಡು ಥರದ ಹೊಳಪು. ಹಳೆಯ ತೊಗರಿಯಲ್ಲಿ ಹೊಸ ತೊಗರಿ ಬೆರೆಸಿದ ಹಾಗೆ. ಮೂರನೆಯದು ಎಲ್ಲಕ್ಕಿಂತ ಅಗ್ಗ, ಡಬ್ಬಿ ನೆಗ್ಗಿತ್ತು, ಛರ್ರೆಯ ಬಣ್ಣ ಮಂಕು. ಆದರೆ ಹತ್ತಿಪ್ಪತ್ತು ಬಿಟ್ಟರೆ ಎಲ್ಲವೂ ಒಂದೇ ಥರ. ಗುರಿಯ ಆಟಕ್ಕೆ ಬೇಕಾದದ್ದು ಅದು. ಪ್ರತಿ ಸಲವೂ ಒಂದೇ ಥರ ಹೋದರೆ ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಎರಡನೆಯದು ಒಂದು ಡಬ್ಬಿ, ಮೂರನೆಯದು ಒಂದು ಡಬ್ಬಿ ತಂದೆ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ, ಆದರೂ ಕೊನೆಯ ಮಾತು ರೈಫಲ್ಲಿನದೇ. ಮುಂದಿನ ಭಾನುವಾರ ಹುಡುಗಿ ರೈಫಲ್ಲನ್ನು ಮರಳಿನ ಚೀಲದ ಮೇಲೆ ಕೂಡಿಸಿ ಒಂದೊಂದು ಥರದ್ದು ಐದೈದು ಹೊಡೆದಳು. ಸರ್ ತಮ್ಮ ಪರದೇಶದ್ದೂ ಐದು ಕೊಟ್ಟರು. ಪರದೇಶದ ಐದೂ ಒಂದರ ಮೇಲೊಂದು ಬಿದ್ದು ಕಡಲೆ ಕಾಳಿನಷ್ಟು ತೂತಾಯಿತು. ಹೊಳೆಯುವ ಡಬ್ಬಿಯದು ಕೋಳಿ ಕೆದರಿದ ಹಾಗೆ. ನೆಗ್ಗಿದ ಡಬ್ಬಿಯದು ಪರದೇಶದ್ದಕ್ಕಿಂತ ಕೊಂಚ ಅಗಲ, ಅಷ್ಟೇ. ಕುಂಟುವುದನ್ನೆಲ್ಲ ನಾನು ಆರಿಸಿ ತೆಗೆದು ಕೊಟ್ಟ ಮೇಲೆ ಆ ಕೊಂಚವೂ ಅರ್ಧವಾಯಿತು.

ಸರ್ ಕಾರ್ಡು ತಿರುಗಿಸಿ ತಿರುಗಿಸಿ ನೋಡಿದರು. "ಇರ್ಲಿ. ಕಲಿಲಾಕ ನಡಿತದ," ಎಂದರು. ಸೀಸ ವಿಷ, ಮುಟ್ಟಿದ ಕೈ ತೊಳೆಯದೆ ರೊಟ್ಟಿ ಮುರಿಯಬೇಡಿ ಎಂದೂ ಹೇಳಿದರು. ಅದು ಒಳ್ಳೆಯ ಮಾತು. ಛರ್ರೆಗೆಂದೇ ಒಂದು ಹಳೆಯ ಮೊರ ಬೇರೆ ಇಟ್ಟೆ, ಅದನ್ನು ಅಡುಗೆಮನೆಯ ಹತ್ತಿರ ಬಿಡಲಿಲ್ಲ.

ಅಂದಿನಿಂದ ಗೋದಾಮಿನಲ್ಲಿ ನಮ್ಮ ಡಬ್ಬಿಗೆ ಮಂಗ್ಯಾನ ಛರ್ರೆ ಎಂದು ಹೆಸರು ಬಿತ್ತು. ಹುಡುಗಿ ಬಂದು ಹೇಳಿದಳು. ಮುಖ ಸಣ್ಣದಾಗಿತ್ತು.

"ಅನ್ಲಿ ಬಿಡು. ಕಾಗದಕ್ಕ ರೇಟ್ ಓದ್ಲಾಕ ಬರಂಗಿಲ್ಲ," ಎಂದೆ.

ಏಳು ತಿಂಗಳು ಹಾಗೇ ನಡೆಯಿತು. ಅವಳ ತೂತುಗಳು ಬೊಟ್ಟಿನ ನಡುವಿಗೆ ಸರಿಯುತ್ತ ಬಂದವು. ಮಳೆಗಾಲದಲ್ಲಿ ಸರ್ ಒಂದು ಪರೀಕ್ಷೆ ಇಟ್ಟರು. ಹದಿನಾಲ್ಕು ಮಕ್ಕಳು ಹೊಡೆಯಬೇಕು, ಮೇಲಿನ ನಾಲ್ಕು ಜನಕ್ಕೆ ಆ ನಾಲ್ಕು ರೈಫಲ್. ಅವರು ದಿನಾಲೂ ಬಂದು ಕಲಿತು ರಾಜ್ಯದ ಪಂದ್ಯಕ್ಕೆ ಹೋಗುವುದು. ಉಳಿದವರು ಸ್ವಂತ ರೈಫಲ್ ಕೊಳ್ಳಬೇಕು, ಇಲ್ಲವೇ ಬರುವ ವರ್ಷದ ತನಕ ಕೈಕಟ್ಟಿ ಕೂರಬೇಕು. ನಾವು ರೈಫಲ್ ಕೊಳ್ಳುವವರಲ್ಲ. ನಾಲ್ವರಲ್ಲಿ ಬಂದರೆ ಆಟ ಉಂಟು, ಬರದಿದ್ದರೆ ಮುಗಿಯಿತು.

ಪರೀಕ್ಷೆಗೆಂದು ಎರಡು ಹೊಸ ಡಬ್ಬಿ ತಂದಿದ್ದೆ. ಒಂದನ್ನು ಆರಿಸಿ ಇಟ್ಟೆ. ವಾರ ಬಿಟ್ಟು ಮುಚ್ಚಳ ತೆಗೆದರೆ ಛರ್ರೆಯ ಮೇಲೆ ಬೆಳ್ಳಗೆ ಪುಡಿ. ಮಳೆಗಾಲದಲ್ಲಿ ಬೇಳೆಯ ಮೇಲೆ ಅಂಥ ಪುಡಿ ಕಂಡರೆ ನಮ್ಮಲ್ಲಿ ಯಾವ ಹೆಂಗಸೂ ಯಾರನ್ನೂ ಕೇಳಲು ಹೋಗುವುದಿಲ್ಲ. ಔಡಲ ಎಣ್ಣೆ ತೆಗೆದುಕೊಂಡು ಎರಡೂ ಅಂಗೈಗೆ ಸವರಿ ಬೇಳೆಯನ್ನೆಲ್ಲ ತಿಕ್ಕಿ, ಬಿಸಿಲು ಕಾಣಿಸಿ, ಡಬ್ಬಿ ತುಂಬುತ್ತಾಳೆ. ನಾನೂ ತುಂಬಿದೆ. ಹುಡುಗಿಗೆ ಹೇಳಲಿಲ್ಲ. ಬೇಳೆಗೆ ಎಣ್ಣೆ ಹಚ್ಚಿದ್ದನ್ನು ಯಾರಾದರೂ ಸಾರಿ ಹೇಳುತ್ತಾರೆಯೇ?

ಭಾನುವಾರ ಸಂಜೆ ಅವಳು ಬಂದಾಗ ಕೈಯಲ್ಲಿ ಕಾರ್ಡುಗಳ ಕಟ್ಟು ಇತ್ತು. ಐದನೆಯವಳಾಗಿದ್ದಳು. ಕಾರ್ಡಿನ ತೂತು ಒಂದು ಮೇಲೆ, ಒಂದು ಕೆಳಗೆ, ಒಂದು ಬೊಟ್ಟಿನ ಹೊರಗೇ. ನಾಲ್ಕನೆಯ ಜಾಗ ಬೀದರದ ಒಬ್ಬ ಹುಡುಗಿಗೆ ಹೋಗಿತ್ತು, ಪರದೇಶದ ಡಬ್ಬಿ ತರುವವಳಿಗೆ.

"ಸರ್ ಏನಂದ್ರು?" ಎಂದೆ.

"ಮಂಗ್ಯಾನ ಛರ್ರಿ ಮಂಗ್ಯಾನಂಗೇ ಹಾರ್ತಾವ ಅಂದ್ರು. ಎಲ್ಲಾರೂ ನಕ್ರು."

"ನೀ?"

"ನಾನೂ ನಕ್ಕೆ. ಮತ್ತೇನ್ ಮಾಡ್ಲಿ?"

ನನ್ನ ಮಗಳು ಹಿಟ್ಟು ನಾದುತ್ತ ಕೂತಿದ್ದಳು. "ಸಾಕಿನ್ನ. ಇದು ರೊಕ್ಕದವರ ಆಟ. ಓದು, ಪರೀಕ್ಷಿ ಬರಿ," ಎಂದಳು.

ನಾನು ಕಾರ್ಡುಗಳನ್ನು ಬಾಗಿಲ ಬೆಳಕಿಗೆ ಒಯ್ದೆ. ಪ್ರತಿ ತೂತಿನ ಸುತ್ತಲೂ ಒಂದು ಮಸುಕು ಉಂಗುರ. ಭಜಿ ಕಟ್ಟಿಕೊಟ್ಟ ಪೇಪರಿನ ಮೇಲೆ ಇರುತ್ತದಲ್ಲ, ಹಾಗೆ. ಮೂಗಿಗೆ ಹಿಡಿದೆ. ಆ ವಾಸನೆ ನನಗೆ ಎಪ್ಪತ್ತು ವರ್ಷದಿಂದ ಗೊತ್ತು.

"ಏ ಪೋರಿ, ಛರ್ರಿ ಅಂಟ್ತಿದ್ವೇನು?"

"ಹೂಂ ಆಯಿ. ಕೈ ಒರಸಿ ಒರಸಿ ಸಾಕಾತು. ಎರಡ್ ಮೂರ್ ಸಲ ಹೊಗಿನೂ ಬಂತು."

"ನಾ ಎಣ್ಣಿ ಹಚ್ಚೀನಿ."

ಅವಳು ನನ್ನನ್ನೇ ನೋಡಿದಳು. "ಯಾಕ?"

"ಬೆಳ್ಳಗ ಪುಡಿ ಬಂದಿತ್ತು. ಹುಳ ಹತ್ತ್ಯಾವ ಅಂದ್ಕೊಂಡೆ."

"ಸೀಸಕ್ಕ ಹುಳ ಹತ್ತತಾವೇನು ಆಯಿ? ಅದು ಮಳಿ ಹಸಿಗಿ ಬರೋ ತುಕ್ಕು."

"ಹತ್ತಂಗಿಲ್ಲ. ಈಗ ಗೊತ್ತಾತು."

ಅವಳು ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋಗಲಿಲ್ಲ. ಕಾರ್ಡುಗಳನ್ನು ಮತ್ತೆ ಕಟ್ಟಿ ಇಟ್ಟೆ. ಸ್ವಲ್ಪ ಹೊತ್ತಿಗೆ ತಾನೇ ಬಂದು ಒಂದು ರೊಟ್ಟಿ ತಿಂದಳು. ನನ್ನ ಕಡೆ ಬೆನ್ನು ಹಾಕಿ ಮಲಗಿದಳು.

ನನ್ನ ಮಗಳು ದನಿ ತಗ್ಗಿಸಿ ಹೇಳಿದಳು, "ಸರ್ ಮುಂದ ಇದು ಎತ್ತಬ್ಯಾಡ ಅವ್ವ. ಬೇಳಿಗಿ ಹಚ್ಚದಂಗ ಹಚ್ಚ್ಯಾಳ ಅಂತ ಊರೆಲ್ಲಾ ನಗ್ತದ. ಛರ್ರಿ ಖರಾಬ್ ಇತ್ತು ಅಂದ್ರ ಮುಗೀತು. ಮುಂದಿನ ವರ್ಷ ಸಾಲಾ ಸೋಲಾ ಮಾಡಿ ಚಲೋದು ತಂದ್ರಾತು."

"ಛರ್ರಿ ಖರಾಬ್ ಇರ್ಲಿಲ್ಲ."

"ಇರ್ಲಿಲ್ಲ ಅಂತ ನಮಗ ಗೊತ್ತು. ಸಾಕಲ್ಲ?"

ಸಾಕಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಆರಿಸಿದ ಬೇಳೆಯಲ್ಲಿ ಎಷ್ಟೋ ಸಲ ಕಲ್ಲು ಬಂದಿದೆ ಎಂದು ಬೈಸಿಕೊಂಡಿದ್ದೇನೆ. ನನ್ನ ತಪ್ಪಿದ್ದಾಗ ಹೌದೆಂದಿದ್ದೇನೆ, ಇಲ್ಲದಾಗ ಮಿಲ್ಲಿನ ಲೆಕ್ಕ ನೋಡುವ ಮುನೀಮನ ಮುಂದೆ ಮೊರ ಇಟ್ಟು ತೋರಿಸು ಎಂದಿದ್ದೇನೆ. ಈಗ ನಾನು ಬಾಯಿ ಮುಚ್ಚಿದರೆ ನನ್ನ ತಪ್ಪು ಛರ್ರೆಯ ಮೇಲೆ ಹೋಗುತ್ತದೆ. ಛರ್ರೆಯಿಂದ ನಮ್ಮ ಬಡತನದ ಮೇಲೆ. ಅಲ್ಲಿಂದ ಹುಡುಗಿಯ ತಲೆಯೊಳಗೆ. ರೊಕ್ಕವಿಲ್ಲದವರಿಗೆ ಗುರಿ ಬರುವುದಿಲ್ಲ ಎಂದು ಅವಳು ನಂಬಿಬಿಟ್ಟರೆ ಆಮೇಲೆ ಚಿನ್ನದ ಛರ್ರೆ ಕೊಟ್ಟರೂ ಗುರಿ ಮುಟ್ಟುವುದಿಲ್ಲ. ಜನ ನಗುವುದಾದರೆ ನನಗೆ ನಗಲಿ. ನನ್ನ ವಯಸ್ಸಿಗೆ ಅದರಿಂದ ಏನೂ ಸವೆಯುವುದಿಲ್ಲ.

ಮರುದಿನ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹುಡುಗಿಯನ್ನು ಎಬ್ಬಿಸಿಕೊಂಡು ಹೊರಟೆ. ಕೈಚೀಲದಲ್ಲಿ ಎಣ್ಣೆ ಕಾಣದ ಎರಡನೇ ಡಬ್ಬಿ, ಆ ಹಳೆಯ ಮೊರ, ಒಂದಿಷ್ಟು ಬಿಳಿ ಬಟ್ಟೆಯ ತುಂಡು. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಬೀದರದಲ್ಲಿ ಇಳಿಯುವಾಗ, "ಆಯಿ, ಬೈಯಬ್ಯಾಡ ಅವರಿಗಿ," ಎಂದಳು. ಅದು ನಿನ್ನೆಯಿಂದ ನನಗೆ ಆಡಿದ ಮೊದಲ ಮಾತು.

ಗೋದಾಮಿನಲ್ಲಿ ಆಯ್ಕೆಯಾದ ನಾಲ್ಕು ಮಕ್ಕಳೂ ಇದ್ದರು. ನಾನು ಅವರೆಲ್ಲರ ಮುಂದೆಯೇ ಹೇಳಿದೆ.

"ಸರ, ನಿನ್ನಿ ಇಕಿ ಛರ್ರಿಗಿ ನಾ ಔಡಲ ಎಣ್ಣಿ ಹಚ್ಚಿದ್ದೆ. ಹುಳ ಹತ್ತ್ಯಾವ ಅಂತ. ತಪ್ಪು ನಂದು. ಛರ್ರಿದು ಅಲ್ಲ, ಇಕಿದು ಅಲ್ಲ."

ಒಂದು ಮಗು ಕಿಸಕ್ಕನೆ ನಕ್ಕಿತು. ಸರ್ ನಗಲಿಲ್ಲ. "ಪರೀಕ್ಷಿ ಮುಗದದರಿ ಆಯಿ. ಒಬ್ಬಾಕಿಗಿ ಮತ್ತ ಕೊಟ್ರ ಎಲ್ಲಾರೂ ಕೇಳ್ತಾರ."

"ಅದು ಆಮ್ಯಾಲೆ. ಮೊದಲ ಇಕಿ ಹೊಡದ ರೈಫಲ್ಲಿನ ನಳಗಿ ನೋಡ್ರಿ. ಇವತ್ತ ಅದರಾಗ ಹೊಡದೋರದೂ ಕೆಡ್ತದ."

ಅವರು ನನ್ನ ಬಟ್ಟೆಯ ತುಂಡನ್ನೇ ದಾರಕ್ಕೆ ಕಟ್ಟಿ ನಳಿಗೆಯಲ್ಲಿ ಎಳೆದರು. ಕಂದು ಜಿಡ್ಡು ಹತ್ತಿ ಬಂತು. ಮೂಸಿ ನೋಡಿದರು. ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿ ಹೊಗೆಯಾಗುತ್ತದೆ, ಛರ್ರೆ ಒಮ್ಮೆ ಜೋರು ಒಮ್ಮೆ ಮೆಲ್ಲಗೆ ಹೋಗುತ್ತದೆ ಎಂದರು. ಆ ಬೆಳಿಗ್ಗೆ ಅದೇ ರೈಫಲ್ ಹಿಡಿದಿದ್ದವಳು ಆ ನಾಲ್ಕನೆಯ ಹುಡುಗಿ. ಅವಳ ಪರದೇಶದ ಛರ್ರೆಯೂ ಅಂದು ಮಂಗ್ಯಾನ ಹಾಗೆ ಹಾರುತ್ತಿತ್ತು. ಸರ್ ಅವಳ ಕಾರ್ಡು ನೋಡಿದರು, ನನ್ನನ್ನು ನೋಡಿದರು.

"ಒರಸ್ರಿ ಮತ್ತ," ಎಂದರು.

ಬಟ್ಟೆ ಬೆಳ್ಳಗೆ ಬರುವ ತನಕ ನಾನೇ ಎಳೆದೆ. ಹನ್ನೊಂದು ತುಂಡು ಹತ್ತಿತು. ಆಮೇಲೆ ಮೊರ ಇಟ್ಟುಕೊಂಡು ಎಲ್ಲರ ಕಣ್ಣೆದುರು ಇಪ್ಪತ್ತು ಛರ್ರೆ ಆರಿಸಿದೆ. ಕೆಟ್ಟದ್ದು ಎಣ್ಣೆಯಿಂದಲೇ ಹೌದೋ ಅಲ್ಲವೋ ನೋಡೋಣ ಎಂದು ಸರ್ ಆ ನಾಲ್ಕನೆಯ ಹುಡುಗಿಗೂ ನಮ್ಮವಳಿಗೂ ಇಪ್ಪತ್ತಿಪ್ಪತ್ತು ಹೊಡೆಯಲು ಹೇಳಿದರು, ಅದೇ ರೈಫಲ್ಲಿನಲ್ಲಿ, ಒಬ್ಬಳಾದ ಮೇಲೆ ಒಬ್ಬಳು. ಅವಳು ಅವಳ ಡಬ್ಬಿಯಿಂದ, ಇವಳು ನಮ್ಮ ಡಬ್ಬಿಯಿಂದ.

ಇಬ್ಬರಿಗೂ ಸರಿಸಮ ಬಂತು. ಸರ್ ಎರಡು ಸಲ ಎಣಿಸಿದರು. ಒಂದು ದಿನ ಅವಳು, ಒಂದು ದಿನ ಇವಳು, ಪಂದ್ಯದ ತನಕ ಹೀಗೇ ಎಂದರು. ನಮ್ಮವಳು ಹೂಂ ಎನ್ನುವ ಮೊದಲೇ ಆ ಹುಡುಗಿ ಹೂಂ ಎಂದಳು.

"ಬಾಯಿ ಮಾತು ಬ್ಯಾಡರಿ ಸರ. ಇಕಿ ಹೆಸರು ಬೋರ್ಡಿನ ಮ್ಯಾಲ ಬರೀರಿ," ಎಂದೆ.

ಬರೆದರು. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಹತ್ತಿರ ಹೋಗಿ ಒಂದೊಂದೇ ಅಕ್ಷರ ಕೂಡಿಸಿ ಓದಿ ನೋಡಿದೆ. ಸರಿಯಿತ್ತು. ಹುಡುಗಿಯನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದೆ.