ಮಟ್ಟ ಆಗುವವರೆಗೂ ಹೇರಬಹುದು

ಗೆಳೆಯರೇ, ಜೀಪಿನ ಹಿಂದಿನ ಸ್ಪ್ರಿಂಗ್ ಪ್ಲೇಟು ಎಷ್ಟು ದಿನ ಬಾಳಿಕೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ಹನ್ನೊಂದು ದಿನ ಎನ್ನಿ. ಭದ್ರಾವತಿಯಲ್ಲಿ ಹೊಸ ಪ್ಲೇಟು ಹಾಕಿಕೊಟ್ಟ ಮೆಕ್ಯಾನಿಕ್ "ಐದು ವರ್ಷ ಈ ಕಡೆ ತಲೆ ಹಾಕ್ಬೇಡಿ ಸಾರ್" ಎಂದಿದ್ದ. ಪಾಪ, ಅವನಿಗೆ ನನ್ನ ಹೆಂಡತಿಯ ಅಪ್ಪ ಗೊತ್ತಿಲ್ಲ.

ಇವತ್ತು ಮಾವ ಮಲವಗೊಪ್ಪದ ಸೈಟಿಗೆ ಬೇಲಿಯ ಕಲ್ಲುಕಂಬ ಸಾಗಿಸಲು ಜೀಪು ತರಿಸಿಕೊಂಡರು. ಹೊಸ ಪ್ಲೇಟಿನಿಂದ ಗಾಡಿಯ ಹಿಂಭಾಗ ಕೊಂಚ ಎತ್ತರಕ್ಕೆ ನಿಂತಿತ್ತು. ಎಂಟು ಕಂಬ ಹೇರಿದ ಮೇಲೆ ಸಾಕು ಎಂದೆ. ಮಾವ ದೂರ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು.

"ಹಿಂದೆ ಇನ್ನೂ ಎತ್ತರ ಇದೆ ನೋಡಿ ಅಳಿಯಂದ್ರೇ. ಮಟ್ಟ ಆಗೋವರೆಗೂ ಹಾಕ್ಬೋದು."

ಹದಿನಾರು ಕಂಬಕ್ಕೆ ಮಟ್ಟ ಆಯಿತು. ಮಣ್ಣುರಸ್ತೆಯ ಮೊದಲ ಗುಂಡಿಯಲ್ಲೇ ಮೇನ್ ಪ್ಲೇಟು ಎರಡು ತುಂಡಾಯಿತು.

ಮಾವ ಇಳಿದು ಕಂಬಗಳನ್ನು ಒಂದೊಂದಾಗಿ ತಟ್ಟಿ ನೋಡಿದರು. ಒಂದೂ ಬಿರುಕು ಬಿಟ್ಟಿರಲಿಲ್ಲ. ಸಮಾಧಾನವಾಗಿ ಹೇಳಿದರು: "ಈ ಸಲ ಒಂದು ಪ್ಲೇಟು ಜಾಸ್ತಿನೇ ಹಾಕ್ಸಿಬಿಡಿ. ಇನ್ನೂ ಇಪ್ಪತ್ತು ಕಂಬ ಅಲ್ಲೇ ಬಿದ್ದಿದೆ."

"ಆಯ್ತು ಮಾವ" ಎಂದೆ. ನಾನಿನ್ನೂ ಪೂರ್ತಿ ಮಟ್ಟ ಆಗಿಲ್ಲವೆಂದು ಅವರಿಗೆ ದೂರದಿಂದಲೇ ಕಂಡಿರಬೇಕು.