ಹಗಲು ನಿದ್ದೆಯ ಕಾವಲು

ನಾನು ಮಲಗುವ ಹೊತ್ತಿಗೆ ಮನೆಯೊಡತಿ ಅಜ್ಜಿ ಕೈಬಳೆಗಳನ್ನು ಮೊಣಕೈವರೆಗೆ ಏರಿಸಿ, ಸದ್ದಾಗದಂತೆ ಹಳೇ ಸೀರೆಯ ಚೂರು ಸುತ್ತಿಕೊಳ್ಳುತ್ತಿದ್ದರು. ನಾನು ಮಲಗುತ್ತಿದ್ದದ್ದು ಊರೆಲ್ಲ ಎದ್ದ ಮೇಲೆ. ರಾಯಚರ್ಲು ಬಳಿಯ ಸೋಲಾರ್ ಪಾರ್ಕಿನಲ್ಲಿ ನನಗೆ ರಾತ್ರಿ ಕಾವಲಿನ ಕೆಲಸ. ಅಜ್ಜಿಯ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದೆ.

ಮೊದಮೊದಲು ಹಗಲು ನಿದ್ದೆ ಹತ್ತುತ್ತಲೇ ಇರಲಿಲ್ಲ. ಒಂದು ಬೆಳಿಗ್ಗೆ ಬೈಕ್ ಮೇಲೇ ತೂಕಡಿಸಿ ಜಾಲಿ ಗಿಡಕ್ಕೆ ನುಗ್ಗಿದೆ. ಪಾವಗಡದ ಡಾಕ್ಟರು ಮುಳ್ಳು ಕೀಳುತ್ತಾ, "ಮೈಯೊಳಗೂ ಒಂದು ಗಡಿಯಾರ ಇರುತ್ತಪ್ಪ. ಕಣ್ಣಿಗೆ ಬೆಳಕು ಬಿದ್ರೆ ಅದು ಹಗಲಾಯ್ತು ಅಂದ್ಕೊಳ್ಳುತ್ತೆ. ಕತ್ತಲೆ ಮಾಡ್ಕೊಂಡು ಮಲಗು. ಇಲ್ದಿದ್ರೆ ಇನ್ನೊಂದ್ಸಲ ಜೀವಾನೇ ಹೋಗುತ್ತೆ" ಎಂದರು.

ಮನೆಗೆ ಬಂದು ನಾನು ಇದನ್ನು ಹೇಳಿದ್ದೇ ತಡ, ಅಜ್ಜಿ ನನ್ನ ಕಿಟಕಿಗೆ ಕರಿ ಕಂಬಳಿ ಬಿಗಿದರು. "ನೀನು ಅಲ್ಲಿ ಕಾಯಪ್ಪಾ ನಾಯನಾ, ನಿನ್ನ ನಾನು ಕಾಯ್ತೀನಿ" ಎಂದರು. ಅಂಗಳದಲ್ಲಿ ಗಟ್ಟಿಯಾಗಿ ಮಾತಾಡಿದವರಿಗೆ ಬೈಗುಳದ ಮಂಗಳಾರತಿ. ತರಕಾರಿ ಗಾಡಿಯವನು ನಮ್ಮ ಮನೆ ಬಂತೆಂದರೆ ಮೈಕ್ ಆರಿಸುತ್ತಿದ್ದ.

ಅವರ ಹುಂಜ ಮಾತ್ರ ಯಾರ ಮಾತೂ ಕೇಳಲಿಲ್ಲ. ಬೆಳಕು ಹರಿಯುವ ಮೊದಲೇ ಅದನ್ನು ಬಿದಿರ ಮಂಕರಿಯ ಕೆಳಗೆ ಕೂಡಿಹಾಕಿ, ಮೇಲೆ ಗೋಣಿಚೀಲ ಹೊದಿಸಿದರು. ಸಂಜೆ ಮಂಕರಿ ಎತ್ತಿದರೆ, ಹುಂಜ ಇಳಿಬಿಸಿಲು ನೋಡಿ ಬೆಳಗಾಯಿತೆಂದು ಕೂಗಿತು. ಆಮೇಲೆ ದಿನಾ ಅದೇ ಪಾಡು.

"ಏನಜ್ಜೀ, ನಿನ್ ಕೋಳಿಗೂ ನೈಟ್ ಡ್ಯೂಟಿನಾ?" ಎಂದು ನೆರೆಯವರು ನಗುತ್ತಿದ್ದರು.

"ಹೂ ಕಣ್ರಲಾ, ನಿಮ್ಮಂಗೆ ಬಿಟ್ಟಿ ಕೂಗ್ತದಾ?"

ಆ ಕೂಗಿಗೇ ನಾನೂ ಏಳತೊಡಗಿದೆ. ಬೈಕ್ ಮೇಲಿನ ತೂಕಡಿಕೆ ನಿಂತಿತು. ನಾನಿವತ್ತು ಬದುಕಿದ್ದರೆ ಅದು ಅಜ್ಜಿಯ ದಯೆ.

ಹೋದ ವರ್ಷ ಒಂದು ಸಂಜೆ ಹುಂಜ ಕೂಗಲಿಲ್ಲ. ರೂಢಿಯಾಗಿದ್ದರಿಂದ ಅದೇ ಹೊತ್ತಿಗೆ ನನಗೆ ತಾನಾಗಿ ಎಚ್ಚರವಾಯಿತು. ಅಂಗಳ ಬರಿದಾಗಿತ್ತು. ಅಜ್ಜಿ ಎಲ್ಲೋ ಹೋಗಿರಬೇಕೆಂದು ನಾನೇ ಮಂಕರಿ ಎತ್ತಿದೆ. ಹುಂಜ ಕೂಗಿದ್ದು ಕೇಳಿ ಪಕ್ಕದ ಮನೆಯಾಕೆ ಹೊರಬಂದರು. ಅತ್ತು ಅವರ ಕಣ್ಣು ಊದಿದ್ದವು.

"ಎದ್ದೇನಪ್ಪಾ? ಮದ್ಯಾನ ಎದೆನೋವು ಬಂತು ನಿಮ್ಮಜ್ಜಿಗೆ. ನಿನ್ನ ಎಬ್ಬಿಸಾಕೆ ಹೊಂಟ್ರೆ ಸೆರಗು ಹಿಡ್ಕಂಡ್ಲು. 'ಈಗಿನ್ನೂ ನಿದ್ದೆ ಹತ್ತೈತೆ, ಮಲಗ್ಲಿ ಬುಡೇ, ಆಟೋ ಕರಿ' ಅಂದ್ಲು. ಪಾವಗಡ ಮುಟ್ಟೋಕೆ ಮುಂಚೇನೇ ಹೋಗ್ಬುಟ್ಲು ಕಣಪ್ಪ."

ಅಜ್ಜಿಯನ್ನು ಆಸ್ಪತ್ರೆಯಿಂದ ತಂದು ಅಂಗಳದಲ್ಲಿ ಮಲಗಿಸಿದಾಗ, ಬಳೆಗಳಿಗೆ ಸುತ್ತಿದ್ದ ಸೀರೆಯ ಚೂರು ಹಾಗೇ ಇತ್ತು. ನಾನೇ ಬಿಚ್ಚಿದೆ. ಬಳೆಗಳು ಮುಂಗೈಗೆ ಜಾರಿ ಸದ್ದು ಮಾಡಿದವು. ನನಗೆ ಅಳು ತಡೆಯಲಾಗಲಿಲ್ಲ.