ಬಂಗಾರಪೇಟೆಯಲ್ಲಿ ಹೆಚ್ಚಾದ ಬುಟ್ಟಿ

ನಾನು ಹುಟ್ಟಿದ್ದು ಲಕ್ಕೂರಿನಲ್ಲಿ. ಮಾಲೂರಿಗೆ ಹೋದಾಗಲೆಲ್ಲ ಮದರಾಸಿನ ದೊಡ್ಡ ರೈಲನ್ನು ಕಣ್ತುಂಬ ನೋಡಿ ಬೆಳೆದವನು. ಹಾಗಾಗಿ ಎರಡನೇ ಮಹಾಯುದ್ಧ ಶುರುವಾಗುವ ಮುಂಚೆ ಶ್ರೀನಿವಾಸಪುರದ ಸ್ಟೇಷನ್ನಿಗೆ ಗೂಡ್ಸ್ ಗುಮಾಸ್ತನಾಗಿ ಹೋದಾಗ ನನಗೆ ಸ್ವಲ್ಪ ಅವಮಾನವೇ ಆಯಿತು. ಅಲ್ಲಿ ಓಡುತ್ತಿದ್ದದ್ದು ಚಿಕ್ಕ ರೈಲು. ಹಳಿಯ ಮೇಲೆ ಎಮ್ಮೆ ಅಡ್ಡ ನಿಂತರೆ ಡ್ರೈವರು ಇಳಿದು ಬಂದು ಅದರ ಬೆನ್ನು ತಟ್ಟಿ, ಒಳ್ಳೆಯ ಮಾತಾಡಿ, ಆಚೆ ಕಳಿಸಿ ಹೋಗುತ್ತಿದ್ದ. ಇಂಥ ರೈಲಿಗೆ ನಾನು ಕರೀ ಕೋಟು ಹಾಕಿಕೊಂಡು ಕಾಯುತ್ತಿದ್ದೆ.

ಆ ಚಿಕ್ಕ ರೈಲು ನಮ್ಮ ಮೈಸೂರು ಸಂಸ್ಥಾನದ್ದು. ಕೋಲಾರದ ಮೇಲೆ ಹಾದು ಬಂಗಾರಪೇಟೆಗೆ ಹೋಗಿ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ದೊಡ್ಡ ರೈಲು, ಅದು ಬೇರೆ ಕಂಪನಿಯದು. ಇನ್ನೊಂದಷ್ಟು ದೂರ ಓಡಿದರೆ ಸಂಸ್ಥಾನದ ಗಡಿ ದಾಟಿ ಮದರಾಸ್ ಸೀಮೆ. ಎರಡು ಸರ್ಕಾರ, ಎರಡು ರೈಲು, ಎರಡು ಅಳತೆಯ ಹಳಿ, ಎರಡು ನಿಯಮದ ಪುಸ್ತಕ. ನಾವು ಬರೆದುಕೊಟ್ಟ ರಸೀದಿ ಬಂಗಾರಪೇಟೆಯಲ್ಲಿ ಸತ್ತುಹೋಗುತ್ತಿತ್ತು. ಸರಕಿನವರು ತಾವೇ ಅಲ್ಲಿಗೆ ಬಂದು, ಇಳಿಸಿಕೊಂಡು, ಹತ್ತು ಹೆಜ್ಜೆ ಆಚೆಗೆ ಹೊರಿಸಿ, ಮತ್ತೆ ತೂಗಿಸಿ, ಮತ್ತೆ ಬರೆಸಬೇಕಿತ್ತು. ಆ ಹತ್ತು ಹೆಜ್ಜೆ ನಡೆಯಲು ಒಂದು ಹಗಲು ಸಾಲುತ್ತಿರಲಿಲ್ಲ.

ಒಂದು ಮಾವಿನ ಕಾಲದಲ್ಲಿ ಎರಡೂ ಕಡೆಯ ದೊಡ್ಡವರು ಎಲ್ಲೋ ಕುಳಿತು ಮಾತಾಡಿ, ಒಂದೇ ನಿಯಮ, ಒಂದೇ ರಸೀದಿ ಎಂದು ಒಪ್ಪಿಕೊಂಡರು. ಶ್ರೀನಿವಾಸಪುರದಲ್ಲಿ ಬರೆದ ಕಾಗದ ಮದರಾಸಿನವರೆಗೆ ನಡೆಯುತ್ತದೆ, ಬಂಗಾರಪೇಟೆಯಲ್ಲಿ ರೈಲಿನವರೇ ಸರಕನ್ನು ಈಚೆಯಿಂದ ಆಚೆಗೆ ದಾಟಿಸುತ್ತಾರೆ. ಹೊಸ ಪುಸ್ತಕ ಬಂತು. ನಾನು ಅದನ್ನು ಪರೀಕ್ಷೆಗೆ ಓದುವವನ ಹಾಗೆ ಬಾಯಿಪಾಠ ಮಾಡಿದೆ. ಯಾರು ಕೇಳಲಿ ಬಿಡಲಿ, ಹೇಳುತ್ತಿದ್ದೆ. ನನ್ನ ಜಂಬ ನೋಡಿ ಸ್ಟೇಷನ್ ಮಾಸ್ಟರು, "ನೀನೇ ಬರೆದಂಗೆ ಆಡ್ತೀಯಲ್ಲೋ," ಎಂದು ನಗುತ್ತಿದ್ದರು.

ಆ ಹೊಸ ರಸೀದಿಯನ್ನು ಮೊದಲು ಕೇಳಿಕೊಂಡು ಬಂದವರು ಒಬ್ಬ ಅವ್ವ. ನಮ್ಮ ಸೀಮೆಯಲ್ಲಿ ಅವ್ವ ಎಂದರೆ ಅಜ್ಜಿ. ಊರಾಚೆ ಒಂದು ಸಣ್ಣ ಮಾವಿನ ತೋಪು ಇಟ್ಟುಕೊಂಡು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಮದರಾಸಿಗೆ ಕೊಟ್ಟಿದ್ದರು. ಈಗ ಆ ಮಗಳ ಮಗಳಿಗೆ ಮದುವೆ.

"ಇಪ್ಪತ್ತು ಬುಟ್ಟಿ ಹಣ್ಣು ಕಳಿಸ್ಬೇಕು ನಾಯ್ನಾ. ಮಗಳ ಮದುವೇಲೂ ಕಳಿಸಿದ್ದೆ. ಬಂಗಾರಪೇಟೇಲಿ ಬಿಡಿಸ್ಕೊಳ್ಳೋಕೆ ನಮ್ಮೋರು ಯಾರೂ ಇರ್ಲಿಲ್ಲ. ಎರಡು ದಿನ ಬಿಸಿಲಲ್ಲಿ ಬಿದ್ದಿತ್ತಂತೆ. ಹೋಗಿ ಸೇರೋವಾಗ ರಸ ಸೋರ್ತಿತ್ತು. ಬೀಗರು ಇವತ್ತಿಗೂ ಆಡ್ಕೊಂತಾರೆ. ನನ್ನ ಮಗಳು ಇವತ್ತಿಗೂ ಕೇಳಿಸ್ಕೊಂತಾಳೆ."

"ಹಾಗಾದ್ರೆ ಈ ಸಲ ನೀವೇ ಜೊತೇಲಿ ಹೋಗ್ಬಿಡಿ ಅವ್ವಾ, ಮದುವೆ ಊಟಾನೂ ಆಗತ್ತೆ," ಎಂದೆ. ನನ್ನ ನಾಲಿಗೆ ಯಾವಾಗಲೂ ಹೀಗೆಯೇ, ಬುದ್ಧಿಗಿಂತ ಮುಂದೆ ಓಡುತ್ತದೆ.

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ನಾನು ಹೋಗೋಹಂಗಿಲ್ಲಪ್ಪಾ. ಧಾರೆ ಹೊತ್ನಲ್ಲಿ ನನ್ನಂಥೋರು ಕಣ್ಣಿಗೆ ಬೀಳ್ಬಾರ್ದು ಅಂತ ಬೀಗರ ಕಡೆಯೋರು ಹೇಳಿ ಕಳಿಸವ್ರೆ. ಹಣ್ಣಾದ್ರೂ ಹೋಗ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಬೀಗರು ಯಾರೋ, ಎದುರಿಗೆ ಸಿಕ್ಕಿದ್ದರೆ ಹೊಸ ಪುಸ್ತಕದಿಂದಲೇ ತಲೆಗೆ ಕುಟ್ಟುತ್ತಿದ್ದೆ. ಅದು ಆಗದ ಮಾತು. "ಹಣ್ಣು ಹೊತ್ತಿಗೆ ಸರಿಯಾಗಿ ಮುಟ್ಟತ್ತೆ ಅವ್ವಾ. ಅದು ನನ್ನ ಜವಾಬ್ದಾರಿ," ಎಂದು ಎದೆ ತಟ್ಟಿಕೊಂಡು ಹೇಳಿಬಿಟ್ಟೆ.

ಮದುವೆಗೆ ಮೂರು ದಿನ ಇರುವಾಗ ಬೆಳಿಗ್ಗೆ ಗಾಡಿ ಬಂತು. ಅರೆಹಣ್ಣಾದ ರಸಪುರಿ, ಭತ್ತದ ಹುಲ್ಲಿನ ಮೆತ್ತೆ, ಬುಟ್ಟಿಯ ಬಾಯಿಗೆ ಹೊಲಿದ ಗೋಣಿ. ವ್ಯಾಗನ್ನಿಗೆ ಏರಿಸುವಾಗ ಅವ್ವ ತಾವೇ ಬಾಗಿಲಲ್ಲಿ ನಿಂತು ಒಂದೊಂದು ಬುಟ್ಟಿಯನ್ನೂ ಮುಟ್ಟಿ ಎಣಿಸಿದರು. ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, "ಲಾಭ" ಎನ್ನುತ್ತಾರೆ. ಅವ್ವನೂ ಹಾಗೆಯೇ, "ಲಾಭ" ಎಂದು ಶುರುಮಾಡಿ, "ಇಪ್ಪತ್ತು" ಎಂದು ಮುಗಿಸಿದರು. ಗುಮಾಸ್ತ ತಾನೇ ಎಣಿಸಬೇಕು ಎಂದು ಪುಸ್ತಕದಲ್ಲಿತ್ತು. ನಾನು ಕಿವಿಯಿಂದ ಎಣಿಸಿ, ರಸೀದಿಯಲ್ಲಿ ಇಪ್ಪತ್ತು ಎಂದು ಗುಂಡಗೆ ಬರೆದೆ.

ಮೊದಲ ಸರಕು, ನೀನೇ ಜೊತೆಗೆ ಹೋಗಿ ಒಪ್ಪಿಸಿ ರುಜು ಹಾಕಿಸಿಕೊಂಡು ಬಾ ಎಂದು ಮಾಸ್ಟರು ನನ್ನನ್ನು ಅಟ್ಟಿದರು. ಅವ್ವನೂ ಟಿಕೀಟು ಕೊಂಡರು. ಬಂಗಾರಪೇಟೆಯವರೆಗೆ ಹೋಗಿ ಹಣ್ಣು ದೊಡ್ಡ ರೈಲು ಹತ್ತುವುದನ್ನು ಕಣ್ಣಾರೆ ನೋಡಿಕೊಂಡು ಬರಬೇಕಂತೆ. ದಾರಿಯುದ್ದಕ್ಕೂ ಕುರುಡುಮಲೆಯ ಗಣಪನಿಗೆ ಹರಕೆ ಕಟ್ಟಿಕೊಳ್ಳುತ್ತ ಬಂದರು. ನಾನಿರುವಾಗ ಗಣಪ ಏಕೆ ಎಂದು ನನಗೆ ಅನ್ನಿಸಿತ್ತು.

ಬಂಗಾರಪೇಟೆಯಲ್ಲಿ ದೊಡ್ಡ ರೈಲಿನ ಗುಮಾಸ್ತರು ಆರ್ಕಾಟಿನ ಕಡೆಯವರು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು, ಕನ್ನಡಕದ ಮೇಲಿಂದ ನೋಡುವ ಅಭ್ಯಾಸದವರು. ಅವರ ಹಮಾಲಿಗಳು ಬುಟ್ಟಿಗಳನ್ನು ಹೊತ್ತು ದಾಟಿಸಿ ಎಣಿಸಿದರು. ಗುಮಾಸ್ತರು ನನ್ನ ರಸೀದಿ ನೋಡಿದರು, ಹಮಾಲಿಗಳ ಮುಖ ನೋಡಿದರು.

"ಕಾಗದದಲ್ಲಿ ಇಪ್ಪತ್ತು. ಇಲ್ಲಿ ಇಪ್ಪತ್ತೊಂದು ಉಂಟು. ಹೇಗೆ?"

ನಾನೇ ಬೆರಳಿಟ್ಟು ಎಣಿಸಿದೆ. ಇಪ್ಪತ್ತೊಂದು. ಅವ್ವ ಎದ್ದು ಬಂದು, "ಎಲ್ಲಿ ಹೆಚ್ಚು? ನೋಡು," ಎಂದು "ಲಾಭ" ಎಂದು ಶುರುಮಾಡಿದರು. ಕೊನೆಯ ಬುಟ್ಟಿಗೆ ಸರಿಯಾಗಿ ಇಪ್ಪತ್ತು! ಹಮಾಲಿಯೊಬ್ಬ ತಾನೂ "ಲಾಭಂ" ಎಂದೇ ಶುರುಮಾಡಿದ. ಇಪ್ಪತ್ತೊಂದು! ಪ್ಲಾಟ್‌ಫಾರಂ ಮೇಲೆ ಜನ ಸೇರಿದರು. ನನಗೆ ಆಗ ಹೊಳೆಯಿತು. ಹಮಾಲಿ ಲಾಭ ಆದಮೇಲೆ ಎರಡು ಎನ್ನುತ್ತಿದ್ದ. ನಮ್ಮ ಲಕ್ಕೂರಿನಲ್ಲೂ ಹಾಗೆಯೇ. ಅವ್ವನ ಮನೆಯಲ್ಲಿ ಲಾಭ ಲೆಕ್ಕಕ್ಕೇ ಸೇರುವುದಿಲ್ಲ, ಅದು ಆದಮೇಲೆ ಒಂದು. ದೊಡ್ಡವರೆಲ್ಲ ಕೂತು ಎರಡು ರಾಜ್ಯದ ತೂಕ, ಬಾಡಿಗೆ, ರಸೀದಿ ಎಲ್ಲವನ್ನೂ ಒಂದು ಮಾಡಿದ್ದರು. ಒಂದರಿಂದ ಎಣಿಸುವುದು ಹೇಗೆ ಎಂದು ಮಾತ್ರ ಯಾರೂ ಮಾತಾಡಿರಲಿಲ್ಲ.

"ಅಯ್ಯೋ, ಇಷ್ಟೇ ಸ್ವಾಮಿ, ಇಪ್ಪತ್ತೊಂದು ಅಂತ ತಿದ್ದಿ ಕೊಡ್ತೀನಿ," ಎಂದೆ.

"ತಿದ್ದಬಾರದು. ನಿನ್ನ ಪುಸ್ತಕ ತೆಗಿ," ಎಂದರು ಗುಮಾಸ್ತರು. ತಮ್ಮದನ್ನೂ ತೆಗೆದರು. ಎರಡರಲ್ಲೂ ಒಂದೇ ಮಾತು, ಅಕ್ಷರಕ್ಕೆ ಅಕ್ಷರ. ಸರಕು ಹೆಚ್ಚಿದ್ದರೆ ಕಳಿಸಿದ ಸ್ಟೇಷನ್ನಿನಿಂದ ಮಾಸ್ಟರ ರುಜುವಿನೊಡನೆ ಬರಹದಲ್ಲಿ ವಿವರಣೆ ಬರುವ ತನಕ ಪೂರ್ತಿ ಸರಕನ್ನು ತಡೆಯತಕ್ಕದ್ದು. ಮೊದಲಾದರೆ ಎರಡು ನಿಯಮಗಳ ನಡುವೆ ನುಸುಳಲು ಒಂದು ಸಂದಿಯಾದರೂ ಸಿಗುತ್ತಿತ್ತು. ಈಗ ನಾನು ಕೊಂಡಾಡುತ್ತಿದ್ದ ಒಗ್ಗಟ್ಟೇ ನನ್ನ ಕತ್ತು ಹಿಡಿದಿತ್ತು. ನಾನು ಶ್ರೀನಿವಾಸಪುರಕ್ಕೆ ಮರಳಿ, ಬರೆದು, ಅದು ಇಲ್ಲಿಗೆ ಬರುವಷ್ಟರಲ್ಲಿ ಎರಡು ದಿನ. ಮದರಾಸಿನ ರೈಲು ಬರಲು ಇನ್ನು ಒಂದು ಗಂಟೆಯಿತ್ತು.

ಅವ್ವ ಬುಟ್ಟಿಗಳ ಪಕ್ಕ ನೆಲದ ಮೇಲೆ ಕುಳಿತುಬಿಟ್ಟರು. "ಮತ್ತೆ ಹಂಗೇ ಆಯ್ತು," ಎಂದರು, ಅಷ್ಟೇ. ನನ್ನನ್ನು ಬೈದಿದ್ದರೆ ಎಷ್ಟೋ ಸುಖವಾಗುತ್ತಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಗುಮಾಸ್ತರು ಅವರನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಪುಟ ತಿರುವಿ, ಕನ್ನಡಕ ಸರಿಮಾಡಿಕೊಂಡು, ನನಗೆ ಬಾಯಿಪಾಠವಾಗದೆ ಉಳಿದಿದ್ದ ಸಣ್ಣ ಅಕ್ಷರದ ಎರಡು ಸಾಲು ಓದಿದರು. ಸರಕಿನ ಒಡೆಯರೇ ಎದುರಿಗಿದ್ದು, ಹೆಚ್ಚಿನದು ಇಂಥದ್ದೇ ಎಂದು ಗುರುತಿಸಿ ಹಿಂದಕ್ಕೆ ಪಡೆದರೆ, ಉಳಿದದ್ದು ಮುಂದೆ ಹೋಗಬಹುದು. "ಯಾವುದು ಹೆಚ್ಚಿನದು ಅಂತ ಹೇಳೋಕೆ ಆಗುತ್ತಾ ಪಾಟಿ?" ಎಂದು ಕೇಳಿದರು. ಅವರ ಭಾಷೆಯಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ.

ಅವ್ವನಿಗೆ ಗೊತ್ತಿತ್ತು. ಲಾಭದ ಬುಟ್ಟಿಗೆ ಅವರು ಮಾಗಿದ ಹಣ್ಣನ್ನೇ ತುಂಬಿ ಅರಿಶಿನ ಹಚ್ಚಿದ್ದರು. ಆದರೆ ಅದರ ಮೇಲಿಟ್ಟ ಕೈ ತೆಗೆಯಲಿಲ್ಲ. "ಇದೇ ಮೊದಲು ಮನೆ ಹೊಕ್ಬೇಕಾದ್ದು ಕಣಪ್ಪಾ. ಇದಿಲ್ದೆ ಉಳಿದಿದ್ದು ಹೆಂಗೆ ಕಳಿಸ್ಲಿ?"

ಆಮೇಲೆ ಬುಟ್ಟಿಯನ್ನು ಒಮ್ಮೆ ಸವರಿ ಅವರೇ ನಕ್ಕರು. "ಹೋಗ್ಲಿ ಬಿಡು. ನಂಗೂ ಅಷ್ಟೇ, ಇದಕ್ಕೂ ಅಷ್ಟೇ. ನಮ್ಮಿಬ್ರಿಗೂ ಬಂಗಾರಪೇಟೆವರ್ಗೇನೇ ಬರೆದಿದ್ದು. ತೆಗೀರಿ ಇದನ್ನ, ಉಳಿದಿದ್ದು ಹತ್ತಿಸ್ರಿ."

ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ರೈಲು ಬಂತು. ಹಮಾಲಿಗಳು ಇಪ್ಪತ್ತು ಬುಟ್ಟಿಗಳನ್ನು ಮಗುವನ್ನು ಮಲಗಿಸುವ ಹಾಗೆ ಒಳಗಿಟ್ಟರು. ಅದು ಹೊರಟು ಕಣ್ಮರೆಯಾದ ಮೇಲೆ ಅವ್ವ ಲಾಭದ ಬುಟ್ಟಿಯ ಹೊಲಿಗೆ ಬಿಚ್ಚಿದರು. ಲೆಕ್ಕಕ್ಕೆ ಸೇರದ್ದನ್ನು ಮನೆಗೆ ಒಯ್ಯಬಾರದು, ಹಂಚಬೇಕು ಎಂದರು. ಹಮಾಲಿಗಳಿಗೆ, ನನಗೆ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ನಿಗೆ, ಎಲ್ಲರಿಗೂ ಬಂತು. ಆರ್ಕಾಟಿನ ಗುಮಾಸ್ತರು ಮೊದಲು ಬೇಡವೆಂದರು, ಆಮೇಲೆ ಮೂರು ತಿಂದರು. ರಸ ಮೊಣಕೈವರೆಗೆ ಇಳಿದಾಗ ಇನ್ನು ಮುಂದೆ ಎರಡೂ ಪ್ಲಾಟ್‌ಫಾರಮ್ಮಿನಲ್ಲಿ ಲಾಭ ಎಂದರೆ ಒಂದು, ಆಮೇಲೆ ಎರಡು ಎಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು. ಅದು ಯಾವ ಪುಸ್ತಕದಲ್ಲೂ ಇಲ್ಲ, ಆದರೆ ನಾನು ಅಲ್ಲಿದ್ದಷ್ಟು ವರ್ಷವೂ ನಡೆಯಿತು.

ಮದುವೆ ಮುಗಿದು ವಾರವಾಗಿರಬೇಕು. ಚಿಕ್ಕ ರೈಲಿನಿಂದ ಒಂದು ಬುಟ್ಟಿ ಇಳಿಯಿತು. ಮದರಾಸಿನಿಂದ ಶ್ರೀನಿವಾಸಪುರಕ್ಕೆ ಒಂದೇ ರಸೀದಿಯಲ್ಲಿ ನಮ್ಮಲ್ಲಿಗೆ ಬಂದ ಮೊದಲ ಸರಕು ಅದು. ನಾನು ಈ ಸಲ ಕಣ್ಣಿನಿಂದ ಎಣಿಸಿದೆ, ಒಂದು. ಅವ್ವನನ್ನು ಕರೆಸಿದೆ. ಗೋಣಿಗೆ ಸಿಕ್ಕಿಸಿದ್ದ ಕಾಗದವನ್ನು ಓದಿ ಹೇಳು ಎಂದರು. ಮೊಮ್ಮಗಳ ಅಕ್ಷರ. "ಅವ್ವಾ, ಹಣ್ಣೆಲ್ಲ ಗಟ್ಟಿಯಾಗಿ ಬಂತು. ನಿನ್ನ ಬೀಗರು ಎರಡೆರಡು ಸಲ ಬಡಿಸಿಕೊಂಡರು. ಬುಟ್ಟಿ ಇಳಿಸುವಾಗ ನಾನೇ ನಿನ್ನ ಹಾಗೆ ಎಣಿಸಿದೆ. ಮೊದಲನೆಯದನ್ನು ಊಟಕ್ಕೆ ಬಳಸಲು ಬಿಡಲಿಲ್ಲ. ಅದರ ಹಣ್ಣನ್ನು ನಾನು ಧಾರೆಗೆ ಕೂರುವ ಮುಂಚೆ ಕೇರಿಯವರಿಗೆಲ್ಲ ಹಂಚಿದೆ, ನಮ್ಮ ಅವ್ವ ಬಂದಿದ್ದಾರೆ ಎಂದು ಹೇಳಿ ಹಂಚಿದೆ. ಆ ಬುಟ್ಟಿಯನ್ನೇ ನಿನಗೆ ಕಳಿಸುತ್ತಿದ್ದೇನೆ."

ಬುಟ್ಟಿಯ ಅಂಚಿಗೆ ಹೊಸದಾಗಿ ಅರಿಶಿನ ಹಚ್ಚಿತ್ತು. ಒಳಗೆ ಮದುವೆಯ ಲಾಡು, ಚಕ್ಕುಲಿ. ಅವ್ವ ಅದನ್ನು ಮುಟ್ಟಿ, "ಲಾಭ," ಎಂದರು. ಮುಂದೆ ಎಣಿಸಲು ಬೇರೆ ಬುಟ್ಟಿ ಇರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಪ್ಲಾಟ್‌ಫಾರಂ ಮೇಲೆಯೇ ಕುಳಿತು, ನಮಗೆಲ್ಲ ಲಾಡು ಹಂಚಿದರು.